ಬೆಳಕು ಆರಿಸಿದವನು ಯಾರು

ಶನಿವಾರ ಬೆಳಗಿನಿಂದಲೇ ಯೂಗೊ ಬೀಸುತ್ತಿತ್ತು. ಸಮುದ್ರದ ಕಡೆಯ ಈ ತೇವದ ಗಾಳಿ ಎದ್ದರೆ ರಿಯೆಕಾ ಊರಿನಲ್ಲಿ ಗಂಡಹೆಂಡಿರು ಸಣ್ಣ ಮಾತಿಗೆ ಜಗಳ ತೆಗೆಯುತ್ತಾರೆ, ಮೀನು ಮಾರುವ ಹೆಂಗಸರು ಗಿರಾಕಿಗಳ ಮೇಲೆ ಹರಿಹಾಯುತ್ತಾರೆ, ಸಂಜೆಗೆ ಎಲ್ಲರೂ ತಪ್ಪನ್ನು ಗಾಳಿಯ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ. ನೆವಿಯಾಗೆ ಗಾಳಿಯ ನೆಪ ಬೇಕಿರಲಿಲ್ಲ. ಹಿಂದಿನ ದಿನ ಗೆಳೆಯ ಕ್ರ್ಸ್ತೊ ಫೋನ್ ಮಾಡಿ, "ನಾಳೆ ತಪ್ಪಿಸ್ಬೇಡ ಮಾರಾಯ್ತಿ, ದೊಡ್ಡ ಸುದ್ದಿ ಇದೆ" ಎಂದಾಗಿನಿಂದ ಅವಳ ಗಮನ ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ತನ್ನ ಕನ್ನಡಕದಂಗಡಿಯಲ್ಲಿ ಒಬ್ಬ ಮುದುಕನ ಕನ್ನಡಕಕ್ಕೆ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿ, ಅವನು ಬಾಗಿಲವರೆಗೆ ಹೋಗಿ ತಡವರಿಸಿ ನಿಂತ ಮೇಲೆ ಗೊತ್ತಾಗಿ ಕ್ಷಮೆ ಕೇಳಿದ್ದಳು.

ನದಿ ದಂಡೆಯ ಕಾಫಿ ಅಂಗಡಿಯಲ್ಲಿ ಅವರ ಮೇಜು ಯಾವಾಗಲೂ ಒಳಗಿನ ಮೂಲೆಯದು. ಅಲ್ಲಿ ನಾಲ್ವರು ಸೇರುತ್ತಿದ್ದುದು ಒಂದೇ ಒಂದು ಹಾಡಿಗಾಗಿ. 'ತ್ರೆಚಿ ಗಾತ್' ಎಂಬ ಈ ಊರಿನ ರಾಕ್ ತಂಡ ಎಂಬತ್ತರ ದಶಕದಲ್ಲಿ ಹಾಡಿದ 'ಬೆಳಕು ಆರಿಸಿದವ'. ದೇಶ ಒಡೆದು ಹಲವಾದರೂ ಹಾಡು ಒಡೆಯಲಿಲ್ಲ. ಇವತ್ತಿಗೂ ಮದುವೆ, ಫುಟ್‌ಬಾಲ್ ಮೈದಾನ, ಹೆಣ ಹೂಳಿ ಬಂದವರ ವೈನ್ ಮೇಜು, ಎಲ್ಲಿ ಹತ್ತು ಜನ ಸೇರಿದರೂ ಯಾರೋ ಒಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ.

ಯಾರೋ ಬೆಳಕು ಆರಿಸಿದರು, ಹಾಡು ಇನ್ನೂ ಮುಗಿದಿರಲಿಲ್ಲ,
ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಯಾರದೆಂದು ಕೇಳಲಿಲ್ಲ.

ಯಾರು ಆರಿಸಿದ್ದು? ಬರೆದು ಹಾಡಿದ ಜಾರ್ಕೊ ಸಾಯುವವರೆಗೂ ಬಾಯಿ ಬಿಡಲಿಲ್ಲ. ಹಾಗಾಗಿ ಅಭಿಮಾನಿಗಳಿಗೆ ತಲೆಮಾರಿಗಾಗುವಷ್ಟು ಕೆಲಸ ಉಳಿಯಿತು.

"ಸರ್ಕಾರ," ಎಂದ ಲಿವಿಯೊ, ಎಂದಿನಂತೆ. ಅವನು ನಿವೃತ್ತ ಸಾಹಿತ್ಯದ ಮೇಷ್ಟ್ರು. ತೆಳ್ಳಗೆ ಉದ್ದಕ್ಕಿದ್ದ, ಕುತ್ತಿಗೆಗೆ ಬೇಸಿಗೆಯಲ್ಲೂ ಶಾಲು. "ಚಪ್ಪಲಿ ಅಂದ್ರೇನು? ಮನೇಲಿ ಹಾಕೋದು. ಅಂದ್ರೆ ಗೂಢಚಾರ ಬೀದಿಯಲ್ಲಿಲ್ಲ, ನಮ್ಮ ಮನೆಯೊಳಗೇ ಇದಾನೆ. ಎಂಥಾ ಸಾಲು ನೋಡಿ ಅದು. ಗಿಟಾರಿನ ಜೀನೊ ಬೆರಳು ಪೊಲೀಸರು ಮುರಿದದ್ದು ಇಡೀ ಊರಿಗೇ ಗೊತ್ತು. ಇನ್ನೇನು ಸಾಕ್ಷಿ ಬೇಕು?"

"ನಿಂಗೆ ಹಾಲು ಉಕ್ಕಿದ್ರೂ ಸರ್ಕಾರ," ಎಂದಳು ಓರ್ನೆಲಾ. ಅವಳು ತೃಸಾತ್ ಗುಡ್ಡಕ್ಕೆ ಹೋಗುವ ಸಿಟಿ ಬಸ್ಸಿನ ಡ್ರೈವರ್. ಗಟ್ಟಿ ಕೈ, ಗಟ್ಟಿ ಗಂಟಲು. "ನೆವಿಯಾ ಹೇಳೋದೇ ಸರಿ. ದೀಪಸ್ತಂಭದ ಬಾರ್ತೊಲ್. ಹೇಳೇ, ನೀನ್ಯಾಕೆ ಇವತ್ತು ಬಾಯಿಗೆ ಬೀಗ ಹಾಕ್ಕೊಂಡಿದೀಯಾ?"

ನೆವಿಯಾ ಕಾಫಿಯ ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸುತ್ತ, "ತಲೆನೋವು ಕಣೇ. ಗಾಳಿ," ಎಂದಳು.

ಬಾರ್ತೊಲನ ಕತೆ ಅವಳದೇ. ಮಹಾಯುದ್ಧದ ಕಾಲದಲ್ಲಿ, ಬಂದರಿನ ಮುಂದೆ ಸಮುದ್ರದೊಳಕ್ಕೆ ಕಟ್ಟಿದ ಅಲೆತಡೆ ಗೋಡೆಯ ತುದಿಯ ದೀಪ ನೋಡಿಕೊಳ್ಳುತ್ತಿದ್ದ ಮನುಷ್ಯ. ಬಾಂಬು ಹಾಕುವ ವಿಮಾನಗಳಿಗೆ ಊರು ಕಾಣಬಾರದೆಂದು ದೀಪ ಆರಿಸಿದ. ಆ ಕತ್ತಲಲ್ಲಿ ಅವನ ತಮ್ಮನ ದೋಣಿಯೇ ಕಲ್ಲಿಗೆ ಬಡಿಯಿತು. ಇದನ್ನು ಅಜ್ಜಿಯ ಬಾಯಲ್ಲಿ ಕೇಳಿದೆನೆಂದು ಅವಳು ಗುಂಪಿಗೆ ಸೇರಿದ ಮೊದಲ ಚಳಿಗಾಲದಲ್ಲೇ ಹೇಳಿದ್ದಳು. ಅಜ್ಜಿ ಅಂಥದ್ದೇನೂ ಹೇಳಿರಲಿಲ್ಲ. ಬಾರ್ತೊಲ್ ಎಂಬುವನು ಹುಟ್ಟಿಯೇ ಇರಲಿಲ್ಲ. ನೆವಿಯಾ ಈ ಮೇಜಿಗೆ ಬಂದು ಕೂತದ್ದು ಹಾಡಿನ ಮೇಲಿನ ಪ್ರೀತಿಯಿಂದಲೂ ಅಲ್ಲ. ಇವರು ಎಲ್ಲೆಲ್ಲಿ ಅಗೆಯುತ್ತಾರೆ ನೋಡಿಕೊಂಡು, ಅಗೆಯಬಾರದ ಕಡೆಯಿಂದ ಬೇರೆಡೆಗೆ ತಿರುಗಿಸಲು ಬಂದಿದ್ದಳು. ಬೆಳಕು ಆರಿಸಿದ್ದು ಅವಳ ಅಪ್ಪ.

ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಕೋಜಾಲಾ ಗುಡ್ಡದ ಕೆಳಗಿನ ಅವರ ಕಟ್ಟಡದ ನೆಲಮಾಳಿಗೆಯಲ್ಲಿ, ಕಲ್ಲಿದ್ದಲಿನ ಗೂಡುಗಳ ನಡುವೆ, ನಾಲ್ಕು ಹುಡುಗರು ದಿನವೂ ಮಧ್ಯಾಹ್ನ ಗಿಟಾರು ಡ್ರಮ್ಮು ಬಾರಿಸುತ್ತಿದ್ದರು. ಅಪ್ಪ ಬೆರ್ತೊ ಹಡಗುಕಟ್ಟೆಯ ಎಲೆಕ್ಟ್ರಿಷಿಯನ್, ಕಟ್ಟಡದ ಮನೆಯವರ ಮಂಡಳಿಗೆ ಅಧ್ಯಕ್ಷ. ಮೋಡ ಕವಿದ ಒಂದು ಮಧ್ಯಾಹ್ನ ನೆವಿಯಾ ಅಡಿಗೆಮನೆಯಲ್ಲಿ ಪಾಠ ಬರೆಯುತ್ತಿದ್ದಾಗ ದೀಪ ಹೋಯಿತು. ಕೆಳಗೆ ಸಂಗೀತ ಕತ್ತರಿಸಿದಂತೆ ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಏನೋ ಉರುಳಿದ ಸದ್ದು, ಒಂದು ಕೂಗು. ದೀಪ ಬಂತು. ಸಂಜೆ ಅಪ್ಪ ಒಳಗೆ ಬಂದು ತುಂಬ ಹೊತ್ತು ಕೈ ತೊಳೆದುಕೊಂಡ. ಅಮ್ಮ ಅವಳ ಕಡೆ ತಿರುಗಿ, "ನೀನು ಏನೂ ಕೇಳಿಸ್ಕೊಂಡಿಲ್ಲ," ಎಂದಳು. ಮುಂದಿನ ವರ್ಷ ಆ ಹುಡುಗರ ಹಾಡು ಬಂತು. ಅದರ ಕೊನೆಯ ಸಾಲು ಹೀಗಿತ್ತು: ಒಬ್ಬ ಬಿದ್ದ, ಒಬ್ಬ ನಿಂತ, ಒಬ್ಬ ಮನೆಗೆ ಹೋಗಿ ಮಲಗಿದ. ಜೀನೊ ಆಮೇಲೆ ಗಿಟಾರು ಮುಟ್ಟಲಿಲ್ಲ.

ಅಂದಿನಿಂದ ರೇಡಿಯೋದಲ್ಲಿ ಆ ಹಾಡಿನ ಮೊದಲ ತಂತಿ ಮಿಡಿದರೆ ನೆವಿಯಾ ಎಲ್ಲಿದ್ದರೂ ಓಡಿಬಂದು ನಿಲ್ಲಿಸುತ್ತಿದ್ದಳು. ಮದುವೆಯಾಗಿ ಹೋಗಿ, ಮದುವೆ ಮುರಿದು ಎರಡು ಬೀದಿ ಆಚೆ ಬಂದು ನೆಲೆಸಿ, ದಿನವೂ ಊಟಕ್ಕೆ ಅಪ್ಪನಲ್ಲಿಗೆ ಹೋಗುವ ಈಗಲೂ ಆ ಅಭ್ಯಾಸ ಹಾಗೇ ಇತ್ತು. ಈ ಬಗ್ಗೆ ಅಪ್ಪ ಒಂದು ಮಾತೂ ಆಡಿದ್ದಿಲ್ಲ, ಅವಳೂ ಕೇಳಿದ್ದಿಲ್ಲ.

ಕ್ರ್ಸ್ತೊ ತಡವಾಗಿ ಬಂದ, ಕೂದಲೆಲ್ಲ ಗಾಳಿಗೆ ಎದ್ದಿತ್ತು. ಬಂದರಿನ ಕ್ರೇನ್ ನಡೆಸುವ ಅವನು ಹಾಡು ಬಂದಾಗ ಹುಟ್ಟಿಯೂ ಇರಲಿಲ್ಲ. ಆದರೆ ನಾಲ್ವರಲ್ಲಿ ಬಿಡದೆ ಹುಡುಕುವವನು ಅವನೇ. ಮೇಲಂಗಿ ಬಿಚ್ಚದೆಯೇ ಕುಳಿತ.

"ಡ್ರಮ್ಮಿನ ಎಡೊ ಸಿಕ್ಕಿದ. ಸ್ವೀಡನ್ನಲ್ಲಿದಾನೆ. ಅರ್ಧ ಗಂಟೆ ಮಾತಾಡ್ದೆ."

ಲಿವಿಯೊ ಶಾಲು ಸರಿಮಾಡಿಕೊಂಡ. "ಏನಂದ?"

"ನಗಾಡ್ದ. ಸರ್ಕಾರವಂತೆ, ದೀಪಸ್ತಂಭವಂತೆ, ನಿಮಗೆ ಬೇರೆ ಕೆಲಸ ಇಲ್ವೇನ್ರೋ ಅಂದ. ಅವರು ಪ್ರಾಕ್ಟೀಸ್ ಮಾಡ್ತಿದ್ದ ಕಟ್ಟಡದ ವಿಳಾಸ ಕೊಟ್ಟ. ಅಲ್ಲಿ ಹೋಗಿ ಮೂರನೇ ಮಹಡಿ ಬೆಲ್ ಒತ್ತಿ, ಮನುಷ್ಯ ಬದುಕಿದ್ರೆ ಅವನೇ ಹೇಳ್ತಾನೆ ಅಂದ. ಇಲ್ಲೇ ಇದೆ, ನಡ್ಕೊಂಡು ಹೋದ್ರೆ ಆಯ್ತು. ಏಳಿ."

ನೆವಿಯಾ ಬಟ್ಟಲನ್ನು ದೂರ ಸರಿಸಿದಳು. "ಇವತ್ತಾ? ಈ ಗಾಳೀಲಿ? ಶನಿವಾರ ಯಾರದೋ ಮನೆಗೆ ನುಗ್ಗೋದು ಸರಿಯಲ್ಲ."

"ನುಗ್ಗಲ್ಲ. ಬೆಲ್ ಒತ್ತೀವಿ."

"ಮೊದ್ಲು ಫೋನ್ ಮಾಡಿ ಕೇಳೋಣ. ಸೋಮವಾರ ನಾನೇ ವಿಚಾರಿಸ್ತೀನಿ."

ಓರ್ನೆಲಾ ಆಗಲೇ ಎದ್ದು ನಿಂತಿದ್ದಳು. "ತಲೆನೋವಿದ್ರೆ ಮನೆಗೆ ಹೋಗಿ ಮಲ್ಕೋ ಹೋಗು. ಆಮೇಲೆ ಹೇಳ್ತೀವಿ."

ಅದನ್ನೂ ಮಾಡಲಾಗಲಿಲ್ಲ. ಅವರನ್ನು ಅಪ್ಪನೊಂದಿಗೆ ಒಂಟಿಯಾಗಿ ಬಿಡುವುದು ಹೇಗೆ? ಅವಳು ಹಿಂದೆಯೇ ನಡೆದಳು. ದಾರಿಯುದ್ದಕ್ಕೂ ಕೈ ಚೀಲದೊಳಗೆ ಫೋನನ್ನು ಹಿಡಿದಿದ್ದಳು. ಬಾಗಿಲು ತೆಗೆಯಬೇಡ ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾನೆ, ಯಾಕೆ ಎಂದು ಹೇಳಲು ಮಾತೆಲ್ಲಿಂದ ತರುವುದು. ಮಾರುಕಟ್ಟೆಯ ಬಳಿ ಟಾರ್ಪಾಲುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಅವಳು ಎರಡು ಸಲ ಹೆಜ್ಜೆ ನಿಧಾನ ಮಾಡಿದಳು, ಎರಡು ಸಲವೂ ಓರ್ನೆಲಾ ನಿಂತು ಕಾದಳು.

ಮೂರನೇ ಮಹಡಿಯಲ್ಲಿ ಕ್ರ್ಸ್ತೊ ಬೆಲ್ ಒತ್ತಿದ. ಫಲಕದಲ್ಲಿ ಸುಪೆರಿನಾ ಎಂದಿತ್ತು. ಗಂಡನ ಹೆಸರನ್ನು ಬಿಡದೆ ಇಟ್ಟುಕೊಂಡಿದ್ದ ನೆವಿಯಾಳನ್ನು ಆ ಫಲಕಕ್ಕೆ ಜೋಡಿಸಲು ಅಲ್ಲಿ ಯಾರಿಗೂ ಕಾರಣವಿರಲಿಲ್ಲ. ಬಾಗಿಲು ತೆರೆಯಿತು. ಎಂಬತ್ತು ದಾಟಿದ ಬೆರ್ತೊ ಏಪ್ರನ್ ಕಟ್ಟಿಕೊಂಡು ನಿಂತಿದ್ದ, ಒಂದು ಕೈಯಲ್ಲಿ ಅರ್ಧ ಸ್ವಚ್ಛ ಮಾಡಿದ ಬೂತಾಯಿ ಮೀನು. ಅವನ ನೋಟ ಎಲ್ಲರ ಮುಖಗಳನ್ನೂ ದಾಟಿ ಹಿಂದಿದ್ದ ನೆವಿಯಾಳ ಮೇಲೆ ನಿಂತಿತು.

"ಇವತ್ತು ಊಟಕ್ಕೆ ಬರಲ್ಲ ಅಂದಿದ್ಯಲ್ಲ ಮಗಳೇ. ಜನಾನೂ ಕರ್ಕೊಂಡು ಬಂದಿದೀಯ. ಮೀನು ಸಾಲದು. ಬನ್ನಿ ಬನ್ನಿ, ಬಾಗಿಲು ಹಾಕ್ಕೊಳ್ಳಿ, ಗಾಳಿ ನುಗ್ಗತ್ತೆ."

ಮೂವರೂ ಒಟ್ಟಿಗೆ ನೆವಿಯಾಳ ಕಡೆ ತಿರುಗಿದರು. ಅವಳು ಚಪ್ಪಲಿಗಳ ಸಾಲಿನಲ್ಲಿ ತನ್ನ ಎಂದಿನ ಜೋಡಿಯನ್ನು ಕಾಲಿನಲ್ಲೇ ಹುಡುಕಿ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಅಡಿಗೆಮನೆಗೆ ಹೋಗಿ ಕಿಟಕಿಯ ಬಳಿ ನಿಂತಳು.

ಬೆರ್ತೊ ವೈನು ತಂದಿಟ್ಟ, ನೀರು ತಂದಿಟ್ಟ, ಮತ್ತೆ ಮೀನಿನ ಮುಂದೆ ಕುಳಿತ. ಕ್ರ್ಸ್ತೊ ಒಮ್ಮೆ ಕೆಮ್ಮಿ, "ಬಾರ್ಬಾ," ಎಂದ, ಹಿರಿಯರನ್ನು ಕರೆಯುವಂತೆ. "ಹಿಂದೆ ಇಲ್ಲಿ ನೆಲಮಾಳಿಗೆಯಲ್ಲಿ ಕೆಲವು ಹುಡುಗರು ಪ್ರಾಕ್ಟೀಸ್ ಮಾಡ್ತಿದ್ರು."

"ಜಾರ್ಕೊ, ಜೀನೊ, ಎಡೊ, ಇನ್ನೊಬ್ಬ ಸೊಟ್ಟಮೂಗಿನವನು. ಹೆಸರು ಮರ್ತುಹೋಗಿದೆ."

"ಅವರ ಬೆಳಕು ಯಾರು ಆರಿಸಿದ್ದು ಅಂತ..."

"ನಾನೇ," ಎಂದ ಬೆರ್ತೊ. "ಯಾವ ಸಲದ್ದು ಕೇಳ್ತಿದೀಯ? ವಾರಕ್ಕೆರಡು ಸಲ ಫ್ಯೂಸ್ ಕೀಳ್ತಿದ್ದೆ."

ಕಿಟಕಿಯ ಬಳಿ ನೆವಿಯಾ ಕಣ್ಣು ಮುಚ್ಚಿದಳು.

ಅವನು ಮೀನಿನ ತಲೆಗಳನ್ನು ಕಾಗದದ ಮೇಲೆ ಸಾಲಾಗಿ ಇಡುತ್ತ ಹೇಳಿದ. ಕಟ್ಟಡದಲ್ಲಿ ಅರ್ಧಕ್ಕರ್ಧ ಹಡಗುಕಟ್ಟೆಯ ರಾತ್ರಿಪಾಳಿಯವರು. ಮಧ್ಯಾಹ್ನ ಅವರಿಗೆ ನಿದ್ದೆಯ ಹೊತ್ತು. ನಿದ್ದೆಗೆಟ್ಟು ಕೆಲಸಕ್ಕೆ ಹೋದವನೊಬ್ಬ ವೆಲ್ಡಿಂಗ್ ಮಾಡುವಾಗ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಮಂಡಳಿಯವರು ಅಧ್ಯಕ್ಷನ ಮೇಲೆ ಬಿದ್ದರು. ಹುಡುಗರಿಗೆ ಹೇಳಿದರೆ ಒಂದು ದಿನ ನಿಲ್ಲಿಸುತ್ತಿದ್ದರು, ಮರುದಿನ ಮತ್ತೆ ಶುರು. ಆಮೇಲೆ ಫ್ಯೂಸು.

"ಆವತ್ತು ಎಲ್ಲ ಮನೆಗಳದ್ದೂ ಸೇರಿ ಇಡೀ ಮೆಟ್ಟಿಲ ಸಾಲಿನ ಫ್ಯೂಸ್ ಕಿತ್ತೆ. ಬರೀ ನೆಲಮಾಳಿಗೇದು ಕೀಳಬೇಕಿತ್ತು. ಸಿಟ್ಟಿತ್ತು. ಜೀನೊ ನನ್ನ ಮೇಲೆ ಜಗಳಕ್ಕೆ ಅಂತ ಓಡಿ ಬಂದ, ಕತ್ತಲಲ್ಲಿ ಮೆಟ್ಟಿಲು ತಪ್ಪಿದ. ಕೈ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡು ಮೈ ಆ ಕಡೆ ಬಿತ್ತು. ನಾನೇ ಹೊತ್ಕೊಂಡು ಆಸ್ಪತ್ರೆಗೆ ಹೋದೆ. ಬೆರಳು ಮೊದಲಿನ ಹಾಗೆ ಮಡಚಲೇ ಇಲ್ಲ."

"ಪೊಲೀಸರು..." ಎಂದ ಲಿವಿಯೊ.

"ಪೊಲೀಸರು ಎಲ್ಲಿಂದ ಬರಬೇಕು ಮೇಷ್ಟ್ರೇ, ಅವರಿಗೆ ಈ ಬೀದಿ ಎಲ್ಲಿದೆ ಅಂತಾನೂ ಗೊತ್ತಿರ್ಲಿಲ್ಲ."

ಓರ್ನೆಲಾ ಗಾಜಿನ ಲೋಟವನ್ನು ಮುಟ್ಟಿರಲಿಲ್ಲ. ಕ್ರ್ಸ್ತೊ ನಿಧಾನವಾಗಿ ಕೇಳಿದ: "ಜೀನೊ ಆಮೇಲೆ ನಿಮ್ಮನ್ನ ಕ್ಷಮಿಸಿದ್ನಾ?"

"ಇಲ್ಲ. ಗಿಟಾರು ಹೋದ ಮೇಲೆ ಹೊಟ್ಟೆಪಾಡು ಬೇಕಿತ್ತಲ್ಲ, ಹಡಗುಕಟ್ಟೆಯಲ್ಲಿ ನನ್ನ ಕೈಕೆಳಗೆ ಕೆಲಸ ಕೊಡಿಸ್ದೆ. ಮೋಟಾರಿಗೆ ತಂತಿ ಸುತ್ತೋದು ಕಲಿಸ್ದೆ. ವರ್ಷಾನುಗಟ್ಟಲೆ ಒಂದೇ ಮೇಜಲ್ಲಿ ಕೂತ್ವಿ. ತಂತಿ, ಸ್ಕ್ರೂ, ಕೊಡಿ, ತಗೊಳ್ಳಿ, ಅಷ್ಟೇ ಮಾತು. ಒಂದು ದಿನಾನೂ ನನ್ನ ಜೊತೆ ಕಾಫಿ ಕುಡೀಲಿಲ್ಲ. ಅವನ ಹೆಣದ ಹಿಂದೆ ನಾನೂ ನಡ್ಕೊಂಡು ಹೋದೆ, ಅವನ ಹೆಂಡ್ತಿ ನನ್ನ ನೋಡಿ ಮುಖ ತಿರುಗಿಸಿದ್ಲು. ತಿರುಗಿಸಲಿ. ಅವಳ ಹಕ್ಕು."

ಕಿಟಕಿಯ ಬಾಗಿಲು ಗಾಳಿಗೆ ಅದುರುತ್ತಿತ್ತು, ನೆವಿಯಾ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಹಾಡು ಬಂದ ಮೇಲೆ ಜಾರ್ಕೊ ಬಸ್ ಸ್ಟಾಪಲ್ಲಿ ಸಿಕ್ಕಿದ್ದ," ಎಂದ ಬೆರ್ತೊ, ಮುಖ ಸ್ವಲ್ಪ ಅರಳಿ. "ಬಾರ್ಬಾ, ಅದು ನೀವೇ ಅಂತ ಗೊತ್ತಾಯ್ತಾ ಅಂದ. ಗೊತ್ತಾಯ್ತು, ಆದ್ರೆ ನಾನು ಆವತ್ತು ಬರಿಗಾಲಲ್ಲಿದ್ದೆ, ಚಪ್ಪಲಿ ಎಲ್ಲಿಂದ ತಂದೆ ಅಂದೆ. ಬರಿಗಾಲು ಅಂದ್ರೆ ರಾಗಕ್ಕೆ ಕೂರಲ್ಲ ಬಾರ್ಬಾ ಅಂದ. ಒಳ್ಳೆ ಹುಡುಗ."

ಕ್ರ್ಸ್ತೊ ತಡೆಯಲಾರದೆ ನಕ್ಕುಬಿಟ್ಟ. ಲಿವಿಯೊ ಮಾತ್ರ ಎರಡೂ ಕೈ ಮೇಜಿನ ಮೇಲೂರಿ ಎದ್ದು ನಿಂತ. ಅವನ ಕೆನ್ನೆ ಕೆಂಪಾಗಿತ್ತು.

"ತಪ್ಪು ತಿಳೀಬೇಡಿ. ನೀವು ಫ್ಯೂಸ್ ಕಿತ್ತಿರಬಹುದು. ಆದ್ರೆ ಹಾಡಲ್ಲಿ ಬೆಳಕು ಆರಿಸಿದ್ದು ನೀವಲ್ಲ."

ಬೆರ್ತೊ ಅವನನ್ನು ಆಸಕ್ತಿಯಿಂದ ನೋಡಿದ. "ಮತ್ಯಾರು?"

"ಅದು ನಿಮ್ಮ ವೈಯಕ್ತಿಕ ವಿಷಯಕ್ಕಿಂತ ದೊಡ್ಡದು. ಲಕ್ಷಾಂತರ ಜನ ಹಾಡಿದಾರೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೀನಿ."

"ಇರಬಹುದು ಮೇಷ್ಟ್ರೇ. ನಾನು ಓದಿದವನಲ್ಲ. ಕೂತ್ಕೊಳ್ಳಿ, ಮೀನು ಹುರೀತೀನಿ."

ಆಗ ಓರ್ನೆಲಾ ಮಾತಾಡಿದಳು. ಅವಳ ಗಂಟಲು ಎಂದಿನಷ್ಟು ದೊಡ್ಡದಿರಲಿಲ್ಲ.

"ನೆವಿಯಾ. ಬಾರ್ತೊಲ್ ಯಾರು?"

ನೆವಿಯಾ ಕಿಟಕಿ ಬಿಟ್ಟು ತಿರುಗಿದಳು. "ಯಾರೂ ಇಲ್ಲ."

"ನೀನೇ ಹೆಸರು ಹೇಳಿದ್ದೆ. ತಮ್ಮನ ದೋಣಿ ಬಣ್ಣ ಹೇಳಿದ್ದೆ."

"ನಾನೇ ಕಟ್ಟಿದ್ದು. ನೀವ್ಯಾರೂ ಅಪ್ಪನ ಹತ್ರ ಬರಬಾರದು ಅಂತ."

ಓರ್ನೆಲಾಳ ಗಂಡ ತುಲಿಯೊ ನಾವಿಕ. ಮನೆಗೆ ಮರಳುವ ದಾರಿಯಲ್ಲಿ ಹಡಗಿನಿಂದ ಬಿದ್ದು ಸತ್ತವನು, ದೇಹ ಸಿಗಲಿಲ್ಲ. ಗೋರಿಯಿಲ್ಲದ ಅವನಿಗಾಗಿ ಅವಳು ಪ್ರತಿವರ್ಷ ಅಲೆತಡೆಯ ತುದಿಯ ದೀಪದವರೆಗೆ ನಡೆದುಹೋಗಿ ನೀರಿಗೆ ವೈನು ಸುರಿಯುತ್ತಿದ್ದಳು. ಅದು ಶುರುವಾದದ್ದು ಬಾರ್ತೊಲನ ಕತೆ ಕೇಳಿದ ಮೇಲೆ. ಯಾರದೋ ಜೀವ ಉಳಿಸಲು ಯಾರೋ ಬೆಳಕು ಆರಿಸಬೇಕಾಯಿತು ಎಂಬುದು ಅವಳಿಗೆ ಹೇಗೋ ಸಮಾಧಾನ ಕೊಟ್ಟಿತ್ತು. ಪ್ರತಿ ಸಲವೂ ಪಕ್ಕದಲ್ಲಿ ನೆವಿಯಾ ಇರುತ್ತಿದ್ದಳು.

ಓರ್ನೆಲಾ ಮೇಲಂಗಿ ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಬೆರ್ತೊಗೆ ಮಾತ್ರ ನಮಸ್ಕಾರ ಹೇಳಿ ಹೊರಟುಹೋದಳು. ಅವಳು ಇಳಿಯುವ ಹೆಜ್ಜೆ ತಳದವರೆಗೂ ಕೇಳಿಸಿತು.

ಉಳಿದಿಬ್ಬರು ಮೀನು ತಿಂದರು. ಬಾಗಿಲಲ್ಲಿ ಕ್ರ್ಸ್ತೊ ಬೆರ್ತೊನ ಕೈ ಹಿಡಿದು, ಹಾಡಿಗೆ ನಲವತ್ತು ತುಂಬುವುದಕ್ಕೆ ಗುಂಪು ಏರ್ಪಡಿಸುತ್ತಿದ್ದ ಸಂಜೆಗೆ ತಾನೇ ಬಂದು ಕರೆದೊಯ್ಯುತ್ತೇನೆಂದ. ಮೆಟ್ಟಿಲಿಳಿಯುವ ಮುಂಚೆ ಒಮ್ಮೆ ನೆವಿಯಾಳ ಕಡೆ ತಿರುಗಿ, "ನಮಗೆ ಒಂದು ಮಾತು ಹೇಳಬಹುದಿತ್ತು ನೀನು. ನಾವೇನು ಅವರನ್ನ ನುಂಗ್ತಿದ್ವಾ?" ಎಂದ.

ತಟ್ಟೆ ತೊಳೆಯುವಾಗ ಅವಳಿಗೆ ಸಿಟ್ಟು ಬಂತು. ಯಾರ ಮೇಲೆಂದು ಹುಡುಕಿ ಅಪ್ಪನ ಮೇಲೆ ಹಾಕಿದಳು. "ಅವರಿಗೆಲ್ಲ ಹೇಳಿದ್ಯಲ್ಲ. ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

"ಹೇಗೆ ಕೇಳ್ಲಿ? ನಿನ್ನ ಬೈದು ಇಡೀ ದೇಶ ಹಾಡ್ತಿತ್ತು. ನಿನ್ನ ಕಿವಿಗೆ ಬೀಳಬಾರದು ಅಂತ ನಾನು ಜೀವಮಾನವಿಡೀ ರೇಡಿಯೋ ಹಿಂದೆ ಓಡಿದೀನಿ."

ಬೆರ್ತೊ ಒದ್ದೆ ಲೋಟ ಒರೆಸುವುದನ್ನು ನಿಲ್ಲಿಸಿದ. "ಅದಕ್ಕಾ ಆರಿಸ್ತಿದ್ದೆ? ನಿಂಗೆ ಈ ಗಲಾಟೆ ಸಂಗೀತ ಹಿಡಿಸಲ್ಲ ಅಂದ್ಕೊಂಡಿದ್ದೆ. ನೀನು ಇಲ್ಲದಾಗ ಕೇಳ್ತಿದ್ದೆ ನಾನು. ಒಳ್ಳೆ ಹಾಡು ಅದು. ಕೊನೆ ಸಾಲೊಂದು ಸುಳ್ಳು. ಆವತ್ತು ನಾನು ಮಲಗಲಿಲ್ಲ."

ಅವಳು ನಲ್ಲಿ ಬಿಟ್ಟುಕೊಂಡೇ ನಿಂತಳು. ಅಪ್ಪ ಕೈ ಚಾಚಿ ನಲ್ಲಿ ನಿಲ್ಲಿಸಿದ. ಆ ಸಂಜೆ ಅವಳು ಮನೆಗೆ ಹೊರಡಲು ಬಹಳ ತಡಮಾಡಿದಳು. ಎದ್ದು ಮೇಲಂಗಿ ತೊಡುವುದು, ಮತ್ತೆ ಕೂರುವುದು, ಹೀಗೇ.

ನಲವತ್ತರ ಸಂಜೆ ಚೆನ್ನಾಗಿ ನಡೆಯಿತೆಂದು ಪತ್ರಿಕೆಯಲ್ಲಿ ಬಂತು. ಲಿವಿಯೊ ಸರ್ಕಾರದ ಮೇಲೆ ಬರೆದಿದ್ದ ಭಾಷಣದಲ್ಲಿ ಪೊಲೀಸರ ಒಂದು ಸಾಲನ್ನು ಮಾತ್ರ ತೆಗೆದು ಉಳಿದದ್ದನ್ನು ಪೂರ್ತಿ ಓದಿದ. ಬೆರ್ತೊನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹುಡುಗ ಹುಡುಗಿಯರು ಅವನೊಡನೆ ಫೋಟೋ ತೆಗೆಸಿಕೊಂಡರು. ಜೀನೊನ ಹೆಂಡತಿ ಬರಲಿಲ್ಲ. ನೆವಿಯಾ ಹಿಂದೆ ಬಾಗಿಲ ಬಳಿ ನಿಂತಿದ್ದು, ಇಡೀ ಸಭೆ ಎದ್ದು ಹಾಡಿದಾಗ ತನ್ನ ಬಾಯಿ ಸಾಲುಗಳನ್ನೆಲ್ಲ ತಪ್ಪಿಲ್ಲದೆ ಆಡುತ್ತಿರುವುದನ್ನು ಗಮನಿಸಿ ಹೊರಗೆ ಬಂದುಬಿಟ್ಟಳು. ಓರ್ನೆಲಾ ಕಣ್ಣಿಗೆ ಬೀಳಲಿಲ್ಲ.

ಫೋನಿಗೂ ಅವಳು ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನೆವಿಯಾ ಅಂಗಡಿಗೆ ಬೀಗ ಹಾಕಿ ಸ್ಟಾಪಿನಲ್ಲಿ ನಿಂತಳು. ಎರಡು ಬಸ್ಸು ಬಿಟ್ಟ ಮೇಲೆ ಮೂರನೆಯದರ ಚಕ್ರದ ಹಿಂದೆ ಓರ್ನೆಲಾ ಇದ್ದಳು. ಹತ್ತಿ, ಟಿಕೆಟ್ ಒತ್ತಿಸಿ, ಮೊದಲ ಸೀಟಿನಲ್ಲಿ ಕುಳಿತಳು. ಬಸ್ಸು ಸುತ್ತಿ ಸುತ್ತಿ ತೃಸಾತ್ ಗುಡ್ಡ ಹತ್ತಿತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು.

"ಕೊನೇದು. ಇಳೀಬೇಕು," ಎಂದಳು ಓರ್ನೆಲಾ, ಹಿಂದೆ ನೋಡದೆ.

"ವಾಪಸ್ ಹೋಗ್ತೀನಿ."

"ಹಾಗಾದ್ರೆ ಇನ್ನೊಂದು ಟಿಕೆಟ್ ಒತ್ತಿಸು."

ನೆವಿಯಾ ಒತ್ತಿಸಿದಳು. ಓರ್ನೆಲಾ ಎಂಜಿನ್ ನಿಲ್ಲಿಸಿ, ತನ್ನ ಕಿಟಕಿ ಇಳಿಸಿ ಸಿಗರೇಟು ಹಚ್ಚಿದಳು. ಕೆಳಗೆ ಬಂದರು, ಕ್ರೇನುಗಳು, ನೀರಿನಲ್ಲಿ ಉದ್ದಕ್ಕೆ ಚಾಚಿದ ಅಲೆತಡೆ.

"ಸಿಟ್ಟು ಸುಳ್ಳು ಹೇಳಿದ್ದಕ್ಕಲ್ಲ," ಎಂದಳು. "ಅಪ್ಪನಿಗೋಸ್ಕರ ನಾನೂ ಹೇಳ್ತಿದ್ನೇನೋ. ನಾನು ಅಲ್ಲಿ ನಿಂತು ಅಳುವಾಗ ನೀನು ನನ್ನ ಕೈ ಹಿಡ್ಕೊಂಡಿರ್ತಿದ್ದೆ. ಆವಾಗ ಮನಸ್ಸಲ್ಲಿ ಏನಿತ್ತು ನಿಂಗೆ? ಎಂಥಾ ದಡ್ಡಿ ಇವಳು ಅಂತಾನಾ?"

"ಇಲ್ಲ. ತುಲಿಯೊ ಬಗ್ಗೆ ಯೋಚಿಸ್ತಿದ್ದೆ. ಆಮೇಲಾಮೇಲೆ ಬಾರ್ತೊಲ್ ನಿಜವಾಗ್ಲೂ ಇದ್ದ ಅನ್ನಿಸೋಕೆ ಶುರುವಾಗಿತ್ತು. ನೀನು ಅಷ್ಟು ಚೆನ್ನಾಗಿ ನಂಬಿದ್ದೆ."

"ಈ ವರ್ಷಾನೂ ಹೋಗ್ತೀನಿ. ಬೇರೆಲ್ಲಿಗೆ ಹೋಗ್ಲಿ ನಾನು? ನೀನು ಬರಬೇಡ."

"ಸರಿ."

"ಮುಂದಿನ ವರ್ಷದ್ದು ಮುಂದೆ ನೋಡೋಣ."

ಸಿಗರೇಟು ಮುಗಿಯುವ ಮೊದಲೇ ಆರಿಸಿ, ಹೊತ್ತಾಗುವ ಮೊದಲೇ ಅವಳು ಬಸ್ಸು ಹೊರಡಿಸಿದಳು. ಸ್ಟಾಪಿನಲ್ಲಿ ಓಡಿಬರುತ್ತಿದ್ದ ಒಬ್ಬಾಕೆ ಕೈ ಬೀಸಿದಳು, ಓರ್ನೆಲಾ ನಿಲ್ಲಿಸಲಿಲ್ಲ. ಇಳಿಜಾರಿನ ತಿರುವುಗಳಲ್ಲಿ ನೆವಿಯಾ ಸರಳು ಹಿಡಿದು ಕುಳಿತಳು. ಸೇತುವೆಯ ಹತ್ತಿರ ಕೆಂಪು ದೀಪ ಬಿತ್ತು.

"ಲಿವಿಯೊ ಬೇರೆ ಹಾಡು ಶುರು ಮಾಡಿದಾನೆ," ಎಂದಳು ಓರ್ನೆಲಾ. "ಅದೇ ರೆಕಾರ್ಡಿಂದು, ಹಿಂದಿನ ಮಗ್ಗುಲಿಂದು. ಕೆಂಪು ಕೋಟಿನ ಹೆಂಗಸಿಂದು. ಅವಳು ಯಾರು ಅಂತ ಹುಡುಕ್ತಿದಾನಂತೆ."

"ಹೌದಾ."

"ನಿಂಗೆ ಗೊತ್ತಾ?"

"ಇಲ್ಲ."

"ನಿಜ ಹೇಳು."

"ನಿಜವಾಗ್ಲೂ ಗೊತ್ತಿಲ್ಲ ಕಣೇ."

ಓರ್ನೆಲಾ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕುಳಿತಳು. ದೀಪ ಹಸಿರಾಯಿತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ, ಮತ್ತೆ ಹೊಡೆದ, ಅವಳು ಇನ್ನೂ ನೋಡುತ್ತಲೇ ಇದ್ದಳು.